ಶಾಲೆಯ ಬಯಲಿಗೆ ಬಂದ ಮ್ಯೂಸಿಯಂ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆ ಹುಟ್ಟಿದ ಬಗೆ, ಜಾಗ ಕೊಟ್ಟ ಹಿರಿಯರು, ಮೊದಲ ಎಸ್ಸೆಸ್ಸೆಲ್ಸಿ ತಂಡ ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಊರಿನಲ್ಲೇ ಇದ್ದಾರೆ ಎಂದೆ. ನಾನು 2005ರ ತಂಡದವನು. ಆ ಕಥೆಗಳಲ್ಲಿ ಬಹುಪಾಲು ನಾನು ಹುಟ್ಟುವ ಮೊದಲಿನವು. ಅದರ ಬದಲು ಶಾಲೆಗಳಿಗೂ ಮ್ಯೂಸಿಯಂಗಳಿಗೂ ನಡುವೆ ಬೆಳೆದುಬಂದ ನಂಟಿನ ಚರಿತ್ರೆಯನ್ನು ಬರೆಯುತ್ತೇನೆಂದು ಒಪ್ಪಿಕೊಂಡೆ. ಇದು ಪೇಟೆಯವರ ವಿಷಯ, ನಮಗೇಕೆ ಎಂದು ಪುಟ ತಿರುವಬೇಡಿ. ಹಳೆಯ ವಿದ್ಯಾರ್ಥಿಗಳ ಸಂಘ ಈಗ ಕೂಡಿಸುತ್ತಿರುವ ಹಣವನ್ನು ಯಾವುದಕ್ಕೆ ಬಳಸಬೇಕೆಂದು ನಡೆದಿರುವ ಚರ್ಚೆಗೂ ಇದಕ್ಕೂ ಸಂಬಂಧವಿದೆ.

ಮ್ಯೂಸಿಯಂ ಎಂದರೆ ಹಳೆಯ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಟ್ಟಬೇಡಿ ಎಂದು ಬೋರ್ಡು ಹಾಕಿದ ಮನೆ, ಇದು ನಮ್ಮೆಲ್ಲರ ತಿಳಿವಳಿಕೆ. ಅದರಲ್ಲಿ ತಪ್ಪೇನೂ ಇಲ್ಲ, ಬಹಳ ಕಾಲ ಅದು ಹಾಗೆಯೇ ಇತ್ತು. ಮದರಾಸಿನ ಜನ ಎಗ್ಮೋರಿನ ಮ್ಯೂಸಿಯಮ್ಮನ್ನು 'ಸತ್ತ ಕಾಲೇಜು' ಎಂದೂ, ಪ್ರಾಣಿಸಂಗ್ರಹಾಲಯವನ್ನು 'ಜೀವ ಇರುವ ಕಾಲೇಜು' ಎಂದೂ ತಮಿಳಿನಲ್ಲಿ ಕರೆಯುತ್ತಿದ್ದರಂತೆ. ಕಲ್ಕತ್ತೆಯವರಿಗೆ ಅದು 'ಜಾದು ಘರ್'. ಆ ಮದರಾಸು ಮ್ಯೂಸಿಯಮ್ಮನ್ನು ಕಟ್ಟಿದ ಡಾಕ್ಟರ್ ಎಡ್ವರ್ಡ್ ಬಾಲ್ಫರ್ ಎಂಬವರೇ 1860ರ ದಶಕದಲ್ಲಿ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿಗೂ ಕಾರಣರಾದರು. ಕಸ್ತೂರ್ಬಾ ರಸ್ತೆಯ ಕೆಂಪು ಕಟ್ಟಡ 1877ರದು. ಜನ ಬರುತ್ತಿದ್ದರು, ಬೆರಗಾಗುತ್ತಿದ್ದರು, ಹೋಗುತ್ತಿದ್ದರು. ಶಾಲೆಯ ಪಾಠಕ್ಕೂ ಅಲ್ಲಿದ್ದ ಕಲ್ಲು, ಚಿಪ್ಪು, ನಾಣ್ಯಗಳಿಗೂ ಯಾರೂ ಗಂಟು ಹಾಕಿರಲಿಲ್ಲ.

ಆ ಗಂಟು ಮೊದಲು ಬಿದ್ದದ್ದು ಬೇರೆ ದೇಶಗಳಲ್ಲಿ. ಇಂಗ್ಲೆಂಡಿನ ಲಿವರ್‌ಪೂಲ್ ಮ್ಯೂಸಿಯಂ 1884ರಲ್ಲೇ ತನ್ನ ವಸ್ತುಗಳನ್ನು ಪೆಟ್ಟಿಗೆಯಲ್ಲಿಟ್ಟು ಶಾಲೆಗಳಿಗೆ ಎರವಲು ಕೊಡಲು ಶುರುಮಾಡಿತು. ಇದಕ್ಕಿಂತ ನನಗೆ ಇಷ್ಟವಾದದ್ದು ಅಮೆರಿಕದ ಸೇಂಟ್ ಲೂಯಿಸ್ ನಗರದ ಕಥೆ. 1904ರಲ್ಲಿ ಅಲ್ಲಿ ದೊಡ್ಡದೊಂದು ವಿಶ್ವ ವಸ್ತುಪ್ರದರ್ಶನ ನಡೆಯಿತು, ನಮ್ಮ ದಸರಾ ವಸ್ತುಪ್ರದರ್ಶನದ ಎಷ್ಟೋ ಪಟ್ಟು ದೊಡ್ಡದು. ಅದು ಮುಗಿದಾಗ ದೇಶದೇಶಗಳಿಂದ ಬಂದಿದ್ದ ಸಾಮಾನುಗಳು ಉಳಿದವು. ಶಾಲಾ ಆಡಳಿತದಲ್ಲಿದ್ದ ಕಾರ್ಲ್ ರಾತ್‌ಮನ್ ಎಂಬ ಅಧಿಕಾರಿಯ ಮುತುವರ್ಜಿಯಿಂದ ಅದರಲ್ಲಿ ಒಂದು ಪಾಲು ಶಾಲೆಗಳ ಕೈಗೆ ಬಂತು. 1905ರಲ್ಲಿ 'ಎಜುಕೇಶನಲ್ ಮ್ಯೂಸಿಯಂ' ಶುರುವಾಯಿತು. ಅದು ಮಕ್ಕಳು ಹೋಗಿ ನೋಡುವ ಮ್ಯೂಸಿಯಂ ಆಗಿರಲಿಲ್ಲ. ಮೇಷ್ಟ್ರುಗಳ ಕೈಗೆ ಒಂದು ಪಟ್ಟಿ ಕೊಟ್ಟರು. ಮುಂದಿನ ವಾರ ಹತ್ತಿಯ ಪಾಠ ಇದೆಯೆಂದರೆ ಪಟ್ಟಿ ನೋಡಿ ಬರೆದು ಕಳಿಸುವುದು, ಕುದುರೆಗಾಡಿಯಲ್ಲಿ ಆ ಸಾಮಾನು ಶಾಲೆಗೆ ಬರುವುದು, ಪಾಠ ಮುಗಿದ ಮೇಲೆ ಅದೇ ಗಾಡಿಯಲ್ಲಿ ವಾಪಸು ಹೋಗುವುದು. ಇವತ್ತು ನಾವು ಮೊಬೈಲಿನಲ್ಲಿ ತರಿಸುವ ಸಾಮಾನಿನ ವ್ಯವಸ್ಥೆಯೂ ಇದೇ ಅಲ್ಲವೇ? ಪಟ್ಟಿ, ಆರ್ಡರು, ಡೆಲಿವರಿ, ವಾಪಸು. ನನ್ನ ಉದ್ಯೋಗದಲ್ಲಿ ಇಂಥದ್ದನ್ನು ಕಟ್ಟಲು ನಾಲ್ಕು ತಂಡ ಕೂರುತ್ತೇವೆ. ಅವರು ಒಂದು ಪುಸ್ತಕ, ಒಂದು ಕುದುರೆಯಲ್ಲಿ ಮಾಡಿದರು.

ಚಿಕಾಗೋದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಾರ್ಮನ್ ಹ್ಯಾರಿಸ್ ಎಂಬ ಬ್ಯಾಂಕರು ಅಲ್ಲಿನ ಫೀಲ್ಡ್ ಮ್ಯೂಸಿಯಮ್ಮಿಗೆ ಎರಡೂವರೆ ಲಕ್ಷ ಡಾಲರ್ ಕೊಟ್ಟರು. ಷರತ್ತು ಒಂದೇ: ಹಣ ಕಟ್ಟಡಕ್ಕಲ್ಲ, ಶಾಲೆಗಳಿಗೆ ವಸ್ತು ಕಳಿಸುವ ಕೆಲಸಕ್ಕೆ. 1912ರಿಂದ ಹಕ್ಕಿ, ಕಲ್ಲು, ಬೀಜ, ಕೀಟಗಳನ್ನು ಗಾಜಿನ ಮುಖದ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ ಚಿಕಾಗೋದ ಸರ್ಕಾರಿ ಶಾಲೆಗಳಿಗೆ ಸರದಿಯ ಮೇಲೆ ಕಳಿಸತೊಡಗಿದರು. ನೂರು ವರ್ಷ ದಾಟಿದ ಆ ಏರ್ಪಾಡು ಇಂದಿಗೂ ನಡೆಯುತ್ತಿದೆ. ದಾನಿಯ ಹೆಸರು ಆ ಪೆಟ್ಟಿಗೆಗಳ ಮೇಲೆ ಉಳಿದಿದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನಮ್ಮ ದೇಶಕ್ಕೆ ಬರೋಣ. ಸ್ವಾತಂತ್ರ್ಯ ಬಂದ ಮೇಲೆ ಕಲ್ಕತ್ತೆಯಲ್ಲಿ ಬಿರ್ಲಾ ಮನೆತನದವರು ಬಿಟ್ಟುಕೊಟ್ಟ ಬಂಗಲೆಯಲ್ಲಿ, ಸಿಎಸ್‌ಐಆರ್ ಆಡಳಿತದಲ್ಲಿ, 1959ರ ಮೇ 2ರಂದು ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ ತೆರೆಯಿತು. ಗುಂಡಿ ಒತ್ತಿದರೆ ಓಡುವ, ಹಿಡಿ ತಿರುಗಿಸಿದರೆ ತಿರುಗುವ ಮಾದರಿಗಳು ಅಲ್ಲಿದ್ದವು. ಅಮಲೇಂದು ಬೋಸ್ ಅದರ ಮೊದಲ ಮುಖ್ಯಸ್ಥರು. ಅವರ ಜೊತೆ ಸೇರಿದ ಸರೋಜ್ ಘೋಷ್ ಎಂಬ ಎಂಜಿನಿಯರ್ ಮುಂದೆ ಇಡೀ ದೇಶದ ವಿಜ್ಞಾನ ಮ್ಯೂಸಿಯಂಗಳ ಸಂಸ್ಥೆಯನ್ನು ಕಟ್ಟಿದವರು. ಇವರ ಮುಂದೆ ಬಂದ ಪ್ರಶ್ನೆ ಸರಳವಾದದ್ದು. ಕಲ್ಕತ್ತೆಯ ಮಕ್ಕಳು ಟ್ರಾಮು ಹತ್ತಿ ಬರುತ್ತಾರೆ, ಹಳ್ಳಿಯ ಮಕ್ಕಳು ಹೇಗೆ ಬಂದಾರು? ಬರಲಾರರು. ಹಾಗಾದರೆ ಮ್ಯೂಸಿಯಮ್ಮೇ ಹೋಗಲಿ ಎಂದು ಒಂದು ಬಸ್ಸಿಗೆ ಮಾದರಿಗಳನ್ನು ಜೋಡಿಸಿ 1965ರಲ್ಲಿ ಬಂಗಾಳದ ಶಾಲೆಗಳ ಕಡೆಗೆ ಹೊರಡಿಸಿದರು. ಸಂಚಾರಿ ವಿಜ್ಞಾನ ಪ್ರದರ್ಶನ ಹುಟ್ಟಿದ್ದು ಹೀಗೆ.

ಬೆಂಗಳೂರಿನದು ಇದರ ಬೆನ್ನಿಗೇ ಬಂತು. ಸರ್ ಎಂ. ವಿಶ್ವೇಶ್ವರಯ್ಯನವರ ನೂರನೆಯ ವರ್ಷದ ನೆನಪಿಗೆಂದು ಕಬ್ಬನ್ ಪಾರ್ಕಿನ ಅಂಚಿನಲ್ಲಿ ಕಟ್ಟಿಸಿದ ಕಟ್ಟಡವನ್ನು 1962ರ ಜುಲೈ 14ರಂದು ಪ್ರಧಾನಿ ನೆಹರೂ ಉದ್ಘಾಟಿಸಿದರು. ವಿಶ್ವೇಶ್ವರಯ್ಯನವರು ಅದೇ ವರ್ಷ ಏಪ್ರಿಲ್‌ನಲ್ಲಿ ತೀರಿಕೊಂಡಿದ್ದರು. ಕಟ್ಟಡ ಸಿದ್ಧವಾದರೂ ಒಳಗೆ ತುಂಬಲು ಮೂರು ವರ್ಷ ಹಿಡಿಯಿತು. ಮೊದಲ ಗ್ಯಾಲರಿ ವಿದ್ಯುತ್ತಿನದು, ಜನರಿಗೆ ತೆರೆದದ್ದು 1965ರ ಜುಲೈ 27ರಂದು. ಶಿವನಸಮುದ್ರದ ಕರೆಂಟಿನ ನಾಡಿನಲ್ಲಿ ಅದು ಸರಿಯಾದ ಆರಂಭವೇ. 1970ರಲ್ಲಿ ಈ ಮ್ಯೂಸಿಯಂ ದಕ್ಷಿಣ ಭಾರತಕ್ಕೆಲ್ಲ ತನ್ನ ಬಸ್ಸನ್ನು ಹೊರಡಿಸಿತು. ನಮ್ಮ ಶಾಲೆಗೆ ಆಗಿನ್ನೂ ಅಡಿಪಾಯ ಬಿದ್ದಿರಲಿಲ್ಲ.

ಈ ಬಸ್ಸು ಹೇಗಿರುತ್ತದೆಂದು ಸಣ್ಣವರಿಗಾಗಿ ಬರೆಯುತ್ತೇನೆ. ಹೊರಗಿನಿಂದ ನೋಡಿದರೆ ಕಿಟಕಿಯಿಲ್ಲದ ದೊಡ್ಡ ಬಸ್ಸು. ಪಕ್ಕದ ತಗಡಿನ ಬಾಗಿಲುಗಳನ್ನು ಮೇಲಕ್ಕೆ ಎತ್ತಿ ಸರಳು ಕೊಟ್ಟು ನಿಲ್ಲಿಸಿದರೆ ಅವೇ ಚಪ್ಪರವಾಗುತ್ತವೆ, ನೆರಳು ಕೊಡುತ್ತವೆ. ಆ ನೆರಳಿನಲ್ಲಿ ಬಸ್ಸಿನ ಸುತ್ತಲೂ ಸಾಲಾಗಿ ಪೆಟ್ಟಿಗೆಗಳು, ಇಪ್ಪತ್ತರ ಆಸುಪಾಸಿನಿಂದ ಮೂವತ್ತರೊಳಗೆ. ಎಲ್ಲವೂ ಒಂದೇ ವಿಷಯಕ್ಕೆ ಸೇರಿದವು: ಒಂದು ಬಸ್ಸಿನಲ್ಲಿ ನೀರು, ಇನ್ನೊಂದರಲ್ಲಿ ಬೆಳಕು, ಮತ್ತೊಂದರಲ್ಲಿ ಶಕ್ತಿ, ಹೀಗೆ. ಸಂಜೆಗೆ ಸಿನಿಮಾ, ಕತ್ತಲಾದ ಮೇಲೆ ದೂರದರ್ಶಕ. ಯಾವ ಶಾಲೆಯ ಬಯಲಿನಲ್ಲಿ ನಿಲ್ಲುತ್ತದೋ ಅಲ್ಲಿಗೆ ಸುತ್ತಲಿನ ಶಾಲೆಗಳ ಮಕ್ಕಳು ನಡೆದುಕೊಂಡೋ ಟ್ರ್ಯಾಕ್ಟರಿನಲ್ಲೋ ಬರುತ್ತಾರೆ. ಊರಿನವರೂ ಬರಬಹುದು. ಬಸ್ಸಿನ ಜೊತೆಗೆ ಬರುವ ಸಿಬ್ಬಂದಿ ತಿಂಗಳುಗಟ್ಟಲೆ ಮನೆ ಬಿಟ್ಟು ಊರೂರು ತಿರುಗುವವರು, ಶಾಲೆಯ ಕೊಠಡಿಯಲ್ಲೇ ಮಲಗುವವರು. ನಾಟಕ ಕಂಪನಿಯವರ ಬದುಕಿಗೂ ಅವರ ಬದುಕಿಗೂ ಹೆಚ್ಚು ಅಂತರವಿಲ್ಲ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಂಥ ಒಂದು ಬಸ್ಸು ನಮ್ಮ ಬಯಲಿಗೆ ಬಂದು ಹುಣಸೆಮರದ ಪಕ್ಕ ಎರಡು ದಿನ ನಿಂತಿತ್ತು. ಆ ಬಸ್ಸು ನೋಡಿಯೇ ನಾನು ಎಂಜಿನಿಯರ್ ಆದೆ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ನಿಜವಲ್ಲ. ಸಿಇಟಿಯಲ್ಲಿ ಸೀಟು ಸಿಕ್ಕಿತು, ಆ ಕಾಲಕ್ಕೆ ಎಲ್ಲರೂ ಬಿ.ಇ. ಮಾಡುತ್ತಿದ್ದರು, ನಾನೂ ಮಾಡಿದೆ. ನನಗೆ ನೆನಪಿರುವುದು ಬೇರೆ. ಒಂದು ಹಿಡಿ ತಿರುಗಿಸಿದರೆ ಡೈನಮೋ ಓಡಿ ಬಲ್ಬು ಉರಿಯುವ ಮಾದರಿ ಇತ್ತು. ಒಂದೊಂದು ಬಲ್ಬಿಗೂ ಒಂದೊಂದು ಸ್ವಿಚ್ಚು. ನಮ್ಮ ತರಗತಿಯ ಒಬ್ಬ ಹುಡುಗಿ ಮೂರೂ ಬಲ್ಬು ಹಾಕಿ ತಿರುಗಿಸುತ್ತಾ, "ಸಾರ್, ಇದು ಯಾಕೆ ಹಿಡ್ಕೊಂಡಂಗಾಗುತ್ತೆ?" ಎಂದಳು. ಬಸ್ಸಿನವರು ಉತ್ತರ ಹೇಳಲಿಲ್ಲ. "ಎರಡು ಬಲ್ಬು ಆಫ್ ಮಾಡಿ ತಿರುಗ್ಸಿ ನೋಡಮ್ಮ" ಎಂದರು. ತಿರುಗಿಸಿದಳು. "ಈಗ ಹಗುರ ಆಯ್ತು ಸಾರ್!" ಮತ್ತೆ ಹಾಕಿದಳು, ಮತ್ತೆ ಬಿಗಿಯಾಯಿತು. ಹಿಂದೆ ಸಾಲು ನಿಂತವರು ಬೈಯುವವರೆಗೂ ಬಿಡಲಿಲ್ಲ.

ಕರೆಂಟು ಸುಮ್ಮನೆ ಬರುವುದಿಲ್ಲ, ಬೆಳಕು ಹೆಚ್ಚಾದಷ್ಟೂ ಯಾರೋ ಎಲ್ಲೋ ಹೆಚ್ಚು ತಿರುಗಿಸಬೇಕು ಎಂಬುದು ನಮ್ಮ ಪುಸ್ತಕದಲ್ಲಿ ಶಕ್ತಿಯ ನಿತ್ಯತೆಯ ನಿಯಮ ಎಂಬ ಹೆಸರಿನಲ್ಲಿ ಇತ್ತು. ನಾವು ಅದನ್ನು ಬಾಯಿಪಾಠ ಮಾಡಿದ್ದೆವು. ಅವಳ ತೋಳಿಗೆ ಅದು ಗೊತ್ತಾಯಿತು. ಮುಂದಿನ ವಾರ ನಮ್ಮ ವಿಜ್ಞಾನದ ಮೇಷ್ಟ್ರು ತಮ್ಮ ಸೈಕಲ್ಲಿನ ಡೈನಮೋ ಬಿಚ್ಚಿಕೊಂಡು ತರಗತಿಗೆ ಬಂದರು. ಎರಡು ಪೀರಿಯಡ್ಡು ಅದೇ ಆಯಿತು. ಬಸ್ಸು ಹೋದ ಮೇಲೆ ನಡೆದ ಆ ಎರಡು ಪೀರಿಯಡ್ಡು ಬಸ್ಸಿಗಿಂತ ದೊಡ್ಡದು ಎಂದು ಈಗ ನನಗನ್ನಿಸುತ್ತದೆ.

ಸರ್ಕಾರದ ಮಟ್ಟದಲ್ಲಿ ನಡೆದದ್ದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1970ರ ದಶಕದ ಆರಂಭದಲ್ಲಿ ಯೋಜನಾ ಆಯೋಗ ನೇಮಿಸಿದ ಒಂದು ತಂಡ, ವಿಜ್ಞಾನ ಮ್ಯೂಸಿಯಂಗಳು ರಾಷ್ಟ್ರ, ಪ್ರಾದೇಶಿಕ, ಜಿಲ್ಲೆ ಎಂದು ಮೂರು ಹಂತದಲ್ಲಿ ಇರಬೇಕೆಂದು ಹೇಳಿತು. 1978ರಲ್ಲಿ ರಾಷ್ಟ್ರೀಯ ವಿಜ್ಞಾನ ಮ್ಯೂಸಿಯಂಗಳ ಮಂಡಳಿ ಹುಟ್ಟಿ, ಕಲ್ಕತ್ತೆ, ಬೆಂಗಳೂರುಗಳ ಮ್ಯೂಸಿಯಂಗಳು ಸಿಎಸ್‌ಐಆರ್‌ನಿಂದ ಅದರ ಅಡಿಗೆ ಬಂದವು. ಕರ್ನಾಟಕದಲ್ಲಿ 1984ರಲ್ಲಿ ಗುಲ್ಬರ್ಗಕ್ಕೆ ಜಿಲ್ಲಾ ವಿಜ್ಞಾನ ಕೇಂದ್ರ ಬಂತು, 2012ರಲ್ಲಿ ಧಾರವಾಡಕ್ಕೆ ಪ್ರಾದೇಶಿಕ ಕೇಂದ್ರ, 2014ರಲ್ಲಿ ಮಂಗಳೂರಿನ ಪಿಲಿಕುಳಕ್ಕೆ ಇನ್ನೊಂದು. ವಿಜ್ಞಾನ ಮೇಳ, ವಿಜ್ಞಾನ ನಾಟಕ ಸ್ಪರ್ಧೆ, ಶಿಕ್ಷಕರ ತರಬೇತಿ ಇವೆಲ್ಲ ಈ ಕೇಂದ್ರಗಳು ಶಿಕ್ಷಣ ಇಲಾಖೆಯ ಜೊತೆ ಸೇರಿ ನಡೆಸುವ ಕೆಲಸಗಳು. ನಮ್ಮ ಶಾಲೆಯ ಮಕ್ಕಳು ತಾಲ್ಲೂಕು ಮಟ್ಟದ ವಿಚಾರಗೋಷ್ಠಿಯಲ್ಲಿ ಭಾಷಣ ಮಾಡಿ ಬಂದಾಗ ಪ್ರಾರ್ಥನೆಯಲ್ಲಿ ಚಪ್ಪಾಳೆ ತಟ್ಟಿದ್ದೇವಲ್ಲ, ಅದರ ಮೇಲಿನ ಮೆಟ್ಟಿಲುಗಳು ಇದೇ ಮ್ಯೂಸಿಯಂಗಳವರೆಗೆ ಹೋಗುತ್ತವೆ.

ಬಸ್ಸು ಬಾರದಿದ್ದರೆ ನಾವೇ ಹೋಗಬಹುದಲ್ಲ, ಪ್ರವಾಸ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಹತ್ತನೇ ತರಗತಿಯಲ್ಲಿ ನಾವೂ ಹೋದೆವು. ಬೆಳಗಿನ ಜಾವ ಹೊರಟು, ಒಂದೇ ದಿನದಲ್ಲಿ ಲಾಲ್‌ಬಾಗ್, ವಿಧಾನಸೌಧ, ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ, ಬನ್ನೇರುಘಟ್ಟ. ಎಂಜಿನ್ ಹಾಲಿನಲ್ಲಿ ಹೊಟ್ಟೆ ಸೀಳಿ ತೋರಿಸಿದ ಜೆಟ್ ಎಂಜಿನ್ ಮುಂದೆ ಹತ್ತು ನಿಮಿಷ ನಿಲ್ಲಬೇಕೆಂದಿದ್ದೆ, ಹಿಂದಿನಿಂದ ಸೀಟಿ ಬಂತು. ಒಟ್ಟು ಮುಕ್ಕಾಲು ಗಂಟೆ. ಡೈನಮೋ ತಿರುಗಿಸಿದ ಹುಡುಗಿ ಆ ಪ್ರವಾಸಕ್ಕೆ ಬರಲಿಲ್ಲ. ರಾತ್ರಿ ತಡವಾಗಿ ಬರುವ ಬಸ್ಸು, ವಯಸ್ಸಿಗೆ ಬಂದ ಮಗಳು, ಮೇಲೆ ಪ್ರವಾಸದ ದುಡ್ಡು. ಮನೆಯಲ್ಲಿ ಬೇಡವೆಂದರು. ನಮ್ಮ ತರಗತಿಯ ಹದಿನೆಂಟು ಹುಡುಗಿಯರಲ್ಲಿ ಬಂದವರು ಐದು ಜನ. ಬಯಲಿಗೆ ಬಂದ ಬಸ್ಸನ್ನು ಹದಿನೆಂಟೂ ಜನ ನೋಡಿದ್ದರು. ಮಕ್ಕಳು ಮ್ಯೂಸಿಯಮ್ಮಿಗೆ ಹೋಗುವುದಕ್ಕೂ ಮ್ಯೂಸಿಯಂ ಮಕ್ಕಳ ಬಳಿಗೆ ಬರುವುದಕ್ಕೂ ಇರುವ ವ್ಯತ್ಯಾಸ ನನಗೆ ಈ ಲೆಕ್ಕದಲ್ಲಿ ಕಾಣುತ್ತದೆ. ಇತ್ತೀಚೆಗೆ ಸರ್ಕಾರದ ಚಿಣ್ಣರ ಕರ್ನಾಟಕ ದರ್ಶನದಂಥ ಯೋಜನೆಗಳಿಂದ ಒಂದಷ್ಟು ಮಕ್ಕಳಿಗೆ ಖರ್ಚಿಲ್ಲದ ಪ್ರವಾಸ ಸಿಗುತ್ತಿದೆ, ಒಳ್ಳೆಯದೇ. ಆದರೆ ತಡೆಯುವುದು ದುಡ್ಡು ಒಂದೇ ಅಲ್ಲ ಎಂಬುದು ಹೆಣ್ಣುಮಕ್ಕಳ ಮನೆಯವರಿಗೆ ಗೊತ್ತು.

ಆ ಪ್ರವಾಸದ ಬಗ್ಗೆ ಇನ್ನೊಂದು ಮಾತು. ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿನಿಂದ ನಾಲ್ಕು ಹೆಜ್ಜೆ ಆಚೆಗೆ, ಮೊದಲು ಹೇಳಿದ ಕೆಂಪು ಕಟ್ಟಡದ ಸರ್ಕಾರಿ ಮ್ಯೂಸಿಯಮ್ಮಿನಲ್ಲಿ ಆತಕೂರಿನ ಕಲ್ಲು ಇದೆ. ನಮ್ಮ ಬಸ್ಸು ಅದರ ಮುಂದೆಯೇ ನಿಂತಿತ್ತು, ಯಾರೂ ಒಳಗೆ ಹೋಗಲಿಲ್ಲ. ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಹಳ್ಳಿ. ಕಲ್ಲು ಕ್ರಿ.ಶ. 949ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಗೆದ್ದ ಕಾಲ. ಆ ಯುದ್ಧದಲ್ಲಿ ಕಾದಿದ ಮಣಲೇರ ಎಂಬ ವೀರನಿಗೆ ಮೆಚ್ಚಿ, ಏನು ಬೇಕೋ ಕೇಳು ಎಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು, ಮೇಲೆ ನಾಯಿ ಹಂದಿಗಳ ಕಾದಾಟವನ್ನೇ ಕೆತ್ತಿಸಿದರು. ಸಮಾಜ ವಿಜ್ಞಾನದ ಪುಸ್ತಕದಲ್ಲಿ ರಾಷ್ಟ್ರಕೂಟರು ಎಂದರೆ ನಮಗೆ ಇಸವಿಗಳ ಸಾಲು. ಪ್ರತಿ ಮನೆಯಲ್ಲೂ ನಾಯಿ ಇರುವ, ಹಂದಿ ಕಾಟಕ್ಕೆ ರಾತ್ರಿ ಹೊಲ ಕಾಯುವ ಊರಿನ ಮಕ್ಕಳಿಗೆ ಈ ಕಲ್ಲನ್ನು ಒಮ್ಮೆ ತೋರಿಸಿದ್ದರೆ ಆ ಪಾಠ ಬೇರೆಯೇ ಆಗುತ್ತಿತ್ತು. ಮೇಷ್ಟ್ರುಗಳನ್ನು ದೂರುತ್ತಿಲ್ಲ. ಅಲ್ಲಿ ಆ ಕಲ್ಲಿದೆ, ಅದು ನಿಮ್ಮ ಪಾಠಕ್ಕೆ ಹೀಗೆ ಹೊಂದುತ್ತದೆ ಎಂದು ಅವರಿಗೆ ಪಟ್ಟಿ ಕೊಟ್ಟವರು ಯಾರು? ಸೇಂಟ್ ಲೂಯಿಸಿನಲ್ಲಿ ಕುದುರೆಗಾಡಿಗಿಂತ ಮೊದಲು ಹೋದದ್ದು ಆ ಪಟ್ಟಿ.

ಬಸ್ಸಿಗೂ ಅದರ ಮಿತಿ ಇದೆ. ಲೆಕ್ಕ ಹಾಕಿ ನೋಡಿ. ಒಂದು ಬಸ್ಸು ವಾರಕ್ಕೆ ಎರಡು ಶಾಲೆಯಂತೆ, ಪರೀಕ್ಷೆ, ಮಳೆ, ರಜೆ ಕಳೆದು ವರ್ಷಕ್ಕೆ 30 ವಾರ ಓಡಿದರೆ 60 ಶಾಲೆ. ರಾಜ್ಯದಲ್ಲಿ ಸರ್ಕಾರಿ ಪ್ರೌಢಶಾಲೆಗಳೇ ಸಾವಿರಗಟ್ಟಲೆ. ಮೂರು ಸಾವಿರ ಎಂದು ಹಿಡಿದರೂ ಒಂದು ಬಸ್ಸಿಗೆ ಒಂದು ಸುತ್ತು ಬರಲು 50 ವರ್ಷ, ಅಂದರೆ ಒಂದು ಸುವರ್ಣ ಮಹೋತ್ಸವ. ಬಸ್ಸುಗಳು ಒಂದಕ್ಕಿಂತ ಹೆಚ್ಚಿವೆ ನಿಜ, ಆದರೂ ನನ್ನ ತಂಡ ನೋಡಿದ ಬಸ್ಸನ್ನು ನನ್ನ ತಮ್ಮನ ತಂಡ ನೋಡಲಿಲ್ಲ. ಖಾಸಗಿ ಸಂಸ್ಥೆಗಳೂ ಈ ಕೆಲಸಕ್ಕೆ ಇಳಿದಿವೆ. 1999ರಲ್ಲಿ ಶುರುವಾದ ಅಗಸ್ತ್ಯ ಪ್ರತಿಷ್ಠಾನ ಕುಪ್ಪಂನಲ್ಲಿ ನೆಲೆಯೂರಿ ವ್ಯಾನುಗಳಲ್ಲಿ ಪ್ರಯೋಗದ ಸಾಮಾನು ತುಂಬಿಕೊಂಡು ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಿಗೂ ಬರುತ್ತದೆ. ಮುಂಬೈನ ಛತ್ರಪತಿ ಶಿವಾಜಿ ಮ್ಯೂಸಿಯಂ 2015ರಿಂದ ಚರಿತ್ರೆಯ ವಸ್ತುಗಳಿಗೂ ಬಸ್ಸು ಮಾಡಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದೆ. ಸವೆದುಹೋಗಿ ಕಣ್ಣಿಗೆ ಕಾಣದ ಅಕ್ಷರ ಕಂಪ್ಯೂಟರಿನಲ್ಲಿ ಎದ್ದು ಕಾಣುತ್ತದೆ. ಅದನ್ನು ಮೊದಲು ನೋಡಿದ ದಿನ ನನ್ನ ಉದ್ಯೋಗದ ಬಗ್ಗೆ ಸ್ವಲ್ಪ ಹೆಮ್ಮೆಯಾಯಿತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಆದರೂ ಪರದೆಯ ಮೇಲಿನ ಕಲ್ಲು ಕಲ್ಲಲ್ಲ, ಪರದೆಯ ಮೇಲಿನ ಡೈನಮೋ ಕೈಗೆ ಬಿಗಿ ಎನ್ನಿಸುವುದಿಲ್ಲ. ಶಾಲೆಗೆ ಸ್ಮಾರ್ಟ್ ಬೋರ್ಡು ಕೊಡಿಸೋಣ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೇಳುವ ಗೆಳೆಯರಿಗೆ ನನ್ನ ಉತ್ತರ ಇಷ್ಟೇ. ಕೊಡಿಸೋಣ, ಮೊದಲ ಸಾಲಿನಲ್ಲಿ ಬೇಡ.

ಈಗ ಹಣದ ಮಾತು. ಸಂಘದ ಎರಡು ಸಭೆಗಳಲ್ಲಿ ಹೆಚ್ಚು ಬೆಂಬಲ ಸಿಕ್ಕಿರುವುದು ಗೇಟಿನ ಬಳಿ ಸ್ವಾಗತ ಕಮಾನು ಕಟ್ಟಿಸಿ ದಾನಿಗಳ ಹೆಸರು ಕೆತ್ತಿಸುವುದಕ್ಕೆ. ಹಿರಿಯರ ಆಸೆ ನನಗೆ ಅರ್ಥವಾಗುತ್ತದೆ, ರಸ್ತೆಯಲ್ಲಿ ಹೋಗುವವರಿಗೆ ಶಾಲೆ ಕಾಣಬೇಕು. ನಾನು ಕೇಳುವುದು ಅದರ ಒಂದು ಪಾಲು. ಚಿಕಾಗೋದ ಹ್ಯಾರಿಸ್ ಮಾಡಿದಂತೆ ಪೆಟ್ಟಿಗೆಗಳನ್ನು ಮಾಡಿಸೋಣ, ಮೊದಲಿಗೆ ಆರು ಸಾಕು. ಒಂದರಲ್ಲಿ ಹಿಡಿ ಇರುವ ಡೈನಮೋ ಮತ್ತು ಬಲ್ಬುಗಳು. ಒಂದರಲ್ಲಿ ಮಸೂರ, ಕನ್ನಡಿಗಳು. ಒಂದರಲ್ಲಿ ನಮ್ಮ ಸುತ್ತಲಿನ ಕಲ್ಲು, ಮಣ್ಣು, ಬಿತ್ತನೆ ಬೀಜಗಳು, ಇದನ್ನು ಊರಿನ ರೈತರೇ ತುಂಬಿಸಿಕೊಡಬಲ್ಲರು. ಒಂದರಲ್ಲಿ ನಮ್ಮ ಕೆರೆ ಏರಿಯ ಮೇಲಿನ ವೀರಗಲ್ಲಿನ ಪಡಿಯಚ್ಚು, ಜೊತೆಗೆ ಆತಕೂರಿನ ಕಲ್ಲಿನ ಚಿತ್ರ ಮತ್ತು ಹೊಸಗನ್ನಡದಲ್ಲಿ ಅದರ ಕಥೆ. ಉಳಿದೆರಡು ಯಾವುದೆಂದು ಮೇಷ್ಟ್ರುಗಳೇ ಹೇಳಲಿ. ಪ್ರತಿ ಪೆಟ್ಟಿಗೆಯೊಳಗೂ ಯಾವ ತರಗತಿಯ ಯಾವ ಪಾಠಕ್ಕೆ ಎಂಬ ಹಾಳೆ ಇರಬೇಕು, ಇಲ್ಲದಿದ್ದರೆ ಅದೂ ಬೀರು ಸೇರುತ್ತದೆ. ನಮ್ಮ ಶಾಲೆಯ ಪ್ರಯೋಗಾಲಯದ ಬೀರುವಿನ ಬೀಗದ ಕೈ ಎಲ್ಲಿರುತ್ತಿತ್ತೆಂದು ಹಳೆಯ ವಿದ್ಯಾರ್ಥಿಗಳಿಗೆ ಹೇಳಬೇಕಾಗಿಲ್ಲ. ಪೆಟ್ಟಿಗೆಗಳು ತಿಂಗಳಿಗೊಮ್ಮೆ ಹೋಬಳಿಯ ಉಳಿದ ಪ್ರೌಢಶಾಲೆಗಳಿಗೆ ಸರದಿಯಲ್ಲಿ ಹೋಗಿ ಬರಲಿ. ಸಾಗಿಸುವ ಲಗೇಜ್ ಆಟೋದ ಬಾಡಿಗೆಯನ್ನು ನಮ್ಮ 2005ರ ತಂಡ ಐದು ವರ್ಷ ಕೊಡಲು ಒಪ್ಪಿದೆ. ಪೆಟ್ಟಿಗೆಯ ಮುಚ್ಚಳದ ಮೇಲೆ ದಾನಿಗಳ ಹೆಸರು ಬರೆಸಲು ಬೇಕಾದಷ್ಟು ಜಾಗವಿದೆ.

ಡೈನಮೋ ತಿರುಗಿಸಿದ ನನ್ನ ಸಹಪಾಠಿಯ ಮಗಳು ಈಗ ಇದೇ ಶಾಲೆಯಲ್ಲಿ ಎಂಟನೇ ತರಗತಿ. ಮೊದಲ ಪೆಟ್ಟಿಗೆ ಅವಳ ತರಗತಿಗೆ ಈ ಮಳೆಗಾಲದೊಳಗೆ ಬರಬೇಕೆಂದು ನನ್ನ ಆಸೆ.

ಸಂಚಾರಿ ಪ್ರದರ್ಶನದ ಬಸ್ಸನ್ನು ಮತ್ತೆ ಕರೆಸಲು ಮುಖ್ಯೋಪಾಧ್ಯಾಯರ ಮೂಲಕ ಮ್ಯೂಸಿಯಮ್ಮಿಗೆ ಪತ್ರ ಬರೆಯಬೇಕು, ಅದರ ಕರಡನ್ನು ಸಿದ್ಧಮಾಡಿ ಸಂಘದ ಕಾರ್ಯದರ್ಶಿಗಳಿಗೆ ಕೊಟ್ಟಿದ್ದೇನೆ. ಬಸ್ಸು ನಿಲ್ಲಲು ಗಟ್ಟಿ ನೆಲ, ಕರೆಂಟಿನ ಪಾಯಿಂಟು, ಸಿಬ್ಬಂದಿ ಉಳಿಯಲು ಒಂದು ಕೊಠಡಿ, ಇಷ್ಟು ನಾವು ಒದಗಿಸಬೇಕಾದದ್ದು. ಹುಣಸೆಮರ ಈಗಲೂ ಇದೆ, ನೆಲವೂ ಗಟ್ಟಿಯಿದೆ. ಒಂದೇ ಒಂದು ತೊಡಕು. ಸಭೆಯಲ್ಲಿ ಹಂಚಿದ ನಕ್ಷೆಯಲ್ಲಿ ಕಮಾನಿನ ಒಳ ಎತ್ತರ ಹತ್ತು ಅಡಿ. ಆ ಬಸ್ಸು ಅದಕ್ಕಿಂತ ಎತ್ತರ. ಕಮಾನು ಕಟ್ಟಲೇಬೇಕೆಂದರೆ ದಯವಿಟ್ಟು ಹದಿನಾಲ್ಕು ಅಡಿಗೆ ಏರಿಸಿ ಎಂದು ಮೇಸ್ತ್ರಿಗೆ ಹೇಳಿ.